ಗಿಡ ಸೊಂಪಾಗಿದೆ, ಗಡ್ಡೆ ಮಾತ್ರ ಗೋಲಿಯಷ್ಟು: ಆಲೂಗಡ್ಡೆ ಬಗ್ಗೆ ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ನಮ್ಮದು ಆಳಂದ ತಾಲೂಕು. ತೊಗರಿ ರಾಶಿ ಮುಗಿಸಿ ಜನವರಿಯಲ್ಲಿ ಅರ್ಧ ಎಕರೆಗೆ ಆಲೂಗಡ್ಡೆ ಹಾಕಿದೆ. ಬೀಜಕ್ಕೆ ಸಂತೆಯಿಂದಲೇ ಗಡ್ಡೆ ತಂದೆ. ಬೋರ್ ನೀರಿತ್ತು, ಯೂರಿಯಾ ಎರಡು ಸಲ ಕೊಟ್ಟೆ, ಗಿಡ ಸೊಂಪಾಗಿ ಬಂತು. ಏಪ್ರಿಲ್‌ನಲ್ಲಿ ಕಿತ್ತರೆ ಗೋಲಿಯಂಥ ಗಡ್ಡೆ, ಅದರಲ್ಲೂ ಕೆಲವು ಹಸಿರು. ನಮ್ಮ ಎರೆ ಹೊಲಕ್ಕೆ ಈ ಬೆಳೆ ಆಗುವುದೇ ಇಲ್ಲವೇ?

ಉತ್ತರ: ಓದಿ ಬೇಜಾರಾಯಿತು, ನೀರು ಗೊಬ್ಬರ ಎಲ್ಲ ಹಾಕಿ ಹೀಗಾದರೆ ಯಾರಿಗಾದರೂ ಮನಸ್ಸು ಮುರಿಯುತ್ತದೆ. ಆದರೆ ಮೊದಲ ತಪ್ಪು ಹೊಲದ್ದಲ್ಲ, ತಿಂಗಳಿನದು.

ಆಲೂಗಡ್ಡೆಗೆ ಹಗಲಿನ ಬಿಸಿಲಿಗಿಂತ ರಾತ್ರಿಯ ತಂಪು ಮುಖ್ಯ. ರಾತ್ರಿ 20 ಡಿಗ್ರಿಯೊಳಗಿದ್ದರೆ ಎಲೆಯಲ್ಲಿ ತಯಾರಾದ ಸಕ್ಕರೆ ಕೆಳಗಿಳಿದು ಪಿಷ್ಟವಾಗಿ ಗಡ್ಡೆ ಸೇರುತ್ತದೆ. ರಾತ್ರಿಯೂ ಸೆಕೆ ಇದ್ದರೆ ಗಿಡ ಅದನ್ನು ಉಸಿರಾಟಕ್ಕೆ, ಕಾಂಡ ಎಲೆ ಬೆಳೆಸುವುದಕ್ಕೆ ಖರ್ಚು ಮಾಡಿಬಿಡುತ್ತದೆ. ನೀವು ಜನವರಿಯಲ್ಲಿ ನೆಟ್ಟಿರಿ, ಗಡ್ಡೆ ದಪ್ಪಗಾಗಬೇಕಾದ ಹೊತ್ತಿಗೆ ಮಾರ್ಚ್ ಬಂತು. ಕಲಬುರಗಿಯ ಮಾರ್ಚ್ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ, ಅಲ್ವಾ? ಅದರ ಮೇಲೆ ಯೂರಿಯಾ ಜಾಸ್ತಿಯಾದರೆ ಎಲೆಗೇ ಲಾಭ.

ಹಾಗಾಗಿ ತೊಗರಿ ಹಿಂದೆ ಈ ಬೆಳೆ ಬೇಡ. ಮುಂಗಾರಿಗೆ ಹೆಸರು ಅಥವಾ ಉದ್ದು ಹಾಕಿ. ಆ ಹೊಲ ಬೇಗ ಖಾಲಿಯಾಗುತ್ತದೆ, ನೆಲಕ್ಕೂ ಒಳ್ಳೆಯದು. ಮಳೆ ಹಿಂದೆ ಸರಿದು ಮಣ್ಣು ತಣಿದ ಮೇಲೆ, ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ ಆಲೂಗಡ್ಡೆ ನೆಡಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಗಡ್ಡೆ ಕಟ್ಟುತ್ತದೆ, ಫೆಬ್ರವರಿಯಲ್ಲಿ ಕೀಳಬಹುದು. ಈ ವಿಷಯದಲ್ಲಿ ಬೀದರ್‌ನವರು ಪುಣ್ಯವಂತರು. 600 ಮೀಟರ್‌ಗಿಂತ ಎತ್ತರದ ನೆಲ, ಒಳ್ಳೆಯ ಚಳಿ, ಕೆಂಪು ಮಣ್ಣೂ ಇದೆ. ಯಾದಗಿರಿ ಕಡೆ ಚಳಿಗಾಲ ಗಿಡ್ಡ, ಅಲ್ಲಿ ನನ್ನ ಸಲಹೆ ಮನೆಗೆ ಸಾಕಾಗುವಷ್ಟು ಮಾತ್ರ.

ತಳಿಯಲ್ಲಿ ಕುಫ್ರಿ ಸೂರ್ಯ ಕೇಳಿ ನೋಡಿ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯವರು ಬಿಸಿ ತಡೆಯಲೆಂದೇ ಬೆಳೆಸಿದ ತಳಿ ಅದು. (ಕುಫ್ರಿ ಅನ್ನುವುದು ಶಿಮ್ಲಾ ಹತ್ತಿರದ ಊರು, ಅದಕ್ಕೇ ಅವರ ತಳಿಗಳಿಗೆಲ್ಲ ಆ ಹೆಸರು.)

ಸಂತೆ ಗಡ್ಡೆಯನ್ನು ಮಾತ್ರ ದಯವಿಟ್ಟು ಬೀಜಕ್ಕೆ ಬಳಸಬೇಡಿ. ಸಸ್ಯಹೇನುಗಳು (ಗಿಡದ ರಸ ಹೀರುವ ಸಣ್ಣ ಕೀಟ) ಹರಡುವ ನಂಜು ರೋಗ, ಅಂದರೆ ವೈರಸ್, ಗಡ್ಡೆಯೊಳಗೇ ಕೂತಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಪಂಜಾಬಿನಿಂದ ಬಿತ್ತನೆ ಗಡ್ಡೆ ತರಿಸುವುದು ಸುಮ್ನೆ ಅಲ್ಲ, ಅಲ್ಲಿ ಹೇನು ಕಡಿಮೆ ಇರುವ ಚಳಿಗಾಲ ನೋಡಿಕೊಂಡು ಬೀಜದ ಬೆಳೆ ತೆಗೆಯುತ್ತಾರೆ. ಅರ್ಧ ಎಕರೆಗೆ 4ರಿಂದ 5 ಕ್ವಿಂಟಲ್ ಬೇಕು. 30–40 ಗ್ರಾಂ ತೂಕದ ಇಡೀ ಗಡ್ಡೆ ಸಿಕ್ಕರೆ ಬಹಳ ಒಳ್ಳೆಯದು, ಕತ್ತರಿಸಿದ್ದು ಬಿಸಿ ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ. ಕೋಲ್ಡ್ ಸ್ಟೋರೇಜಿನಿಂದ ತಂದ ಕೂಡಲೇ ನೆಡದೆ, ನೆರಳಲ್ಲಿ ಹರಡಿ ಗಟ್ಟಿ ಮೊಳಕೆ ಬರಿಸಿ.

ಇನ್ನು ಎರೆ ಮಣ್ಣು. ನೀರು ನಿಂತರೆ ಕೊಳೆ, ಒಣಗಿದರೆ ಬಿರುಕು. ನಿಮ್ಮ ಗಡ್ಡೆ ಹಸಿರಾಗಿದ್ದು ಆ ಬಿರುಕಿನಿಂದ ಬೆಳಕು ಬಿದ್ದೇ ಇರಬೇಕು, ಗಡ್ಡೆ ಕೊರೆಯುವ ಪತಂಗಕ್ಕೂ ಅದೇ ದಾರಿ. ಎತ್ತರದ ಬೋದು ಮಾಡಿ, ಸ್ವಲ್ಪ ಸ್ವಲ್ಪ ನೀರು ಆಗಾಗ ಕೊಡಿ, ಡ್ರಿಪ್ ಇದ್ದರೆ ಇನ್ನೂ ಚೆನ್ನ. ನೆಟ್ಟ 25–30 ದಿನಕ್ಕೆ ಮಣ್ಣು ಏರಿಸಲು ಮರೆಯಬೇಡಿ. ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಧಾರಾಳವಾಗಿ ಹಾಕಿ, ಹಸಿ ಸಗಣಿ ಬೇಡ, ಸುಣ್ಣದಂಶ ಜಾಸ್ತಿ ಇರುವ ನೆಲದಲ್ಲಿ ಗಡ್ಡೆಗೆ ಕಜ್ಜಿ ಹತ್ತುವುದು ಮೊದಲೇ ಹೆಚ್ಚು. ಕೀಳುವ 10–15 ದಿನ ಮುಂಚೆ ನೀರು ನಿಲ್ಲಿಸಿ ಗಿಡ ಕೊಯ್ದುಬಿಡಿ, ಸಿಪ್ಪೆ ಗಟ್ಟಿಯಾಗುತ್ತದೆ.

ಪ್ರಶ್ನೆ: ಹಸಿರಾದ ಆಲೂಗಡ್ಡೆ ಕುದಿಸಿ ತಿಂದರೆ ಆಗುತ್ತದೆಯೇ? (ಬಸವಕಲ್ಯಾಣದ ಗೃಹಿಣಿ)

ಉತ್ತರ: ಇಲ್ಲಮ್ಮ. ಹಸಿರು ಬಣ್ಣದಿಂದ ತೊಂದರೆಯಿಲ್ಲ, ಆದರೆ ಬೆಳಕು ಬಿದ್ದ ಕಡೆ ಸೊಲನಿನ್ ಅನ್ನುವ ವಿಷವೂ ಹೆಚ್ಚಿರುತ್ತದೆ, ಅದು ಕುದಿಸಿದರೆ ಹೋಗುವುದಿಲ್ಲ. ಸ್ವಲ್ಪ ಹಸಿರಿದ್ದರೆ ದಪ್ಪಗೆ ಹೆರೆದು, ಮೊಳಕೆ ಕಣ್ಣುಗಳನ್ನು ಆಳವಾಗಿ ಕಿತ್ತು ಬಳಸಿ. ತುಂಬಾ ಹಸಿರಾಗಿದ್ದರೆ, ಬಾಯಿಗೆ ಕಹಿ ಹತ್ತಿದರೆ, ಹಾಳಾಯಿತು ಅಂತ ಯೋಚಿಸದೆ ಎಸೆದುಬಿಡಿ. ಮಕ್ಕಳಿಗಂತೂ ಕೊಡಲೇಬೇಡಿ, ದನಕ್ಕೂ ಹಾಕಬೇಡಿ.

ಪ್ರಶ್ನೆ: ಯಾದಗಿರಿಯಲ್ಲಿ ಸಣ್ಣ ಹೋಟೆಲ್ ಇದೆ. ಬೇಸಿಗೆಯಲ್ಲಿ ಆಲೂಗಡ್ಡೆ ಫ್ರಿಜ್‌ನಲ್ಲಿಟ್ಟು ಕರಿದರೆ ಕಂದಾಗುತ್ತದೆ, ಸಿಹಿಯೂ ಆಗುತ್ತದೆ. ಎಣ್ಣೆ ಸರಿಯಿಲ್ಲವೇ?

ಉತ್ತರ: ಎಣ್ಣೆಯ ಮೇಲೆ ಅನುಮಾನ ಬೇಡ, ಫ್ರಿಜ್ಜೇ ಕಾರಣ. ಅಷ್ಟು ತಂಪಿನಲ್ಲಿ ಗಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ, ಕರಿದಾಗ ಆ ಸಕ್ಕರೆಯೇ ಕಂದಾಗುವುದು. ಈಗ ಒಳಗಿರುವ ಗಡ್ಡೆಯನ್ನು ಹೊರಗೆ ಗಾಳಿಯಾಡುವ ಕತ್ತಲಲ್ಲಿ ಒಂದೆರಡು ವಾರ ಇಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಮುಂದೆ ಬೇಸಿಗೆಯಲ್ಲಿ ವಾರಕ್ಕಾಗುವಷ್ಟೇ ತನ್ನಿ, ಪ್ಲಾಸ್ಟಿಕ್ ಚೀಲ ಬಿಟ್ಟು ಗೋಣಿಚೀಲ ಅಥವಾ ಬುಟ್ಟಿಯಲ್ಲಿಡಿ. ಬೇಯಿಸಿದ ಪಲ್ಯ ಉಳಿದರೆ ಅದನ್ನು ಫ್ರಿಜ್‌ನಲ್ಲಿಡಿ, ತೊಂದರೆಯಿಲ್ಲ.