ಹಳೇ ಫೈಬರ್ ಬೋಟಿನ ಬಿರುಕಿಗೆ ಹಾಕಿದ ಪ್ಯಾಚ್ ಪದೇ ಪದೇ ಯಾಕ ಕಿತ್ತು ಬರ್ತದ?

ಗಟ್ಟಿಯಾದ ಹಳೇ ಫೈಬರಿನ ಜೊತಿ ಹೊಸಾ ರೆಸಿನ್ (ಗ್ಲಾಸಿನ ಎಳಿ ಹಿಡದು ಗಟ್ಟಿಯಾಗೂ ಅಂಟು ದ್ರವ) ಬೆರೆಯೂದಿಲ್ರೀ, ಬರೇ ಹಿಡ್ಕೊಂಡಿರ್ತದ, ಅದಕ್ಕ ಕಿತ್ತು ಬರ್ತದ. ಬೋಟ್ ಮಾಡುವಾಗ ಪಾಲಿಯೆಸ್ಟರ್ ರೆಸಿನ್ ಹಸೀನ ಇರ್ತದ, ಪದರಕ್ಕ ಪದರ ಕೂಡಿ ಒಂದ ತುಂಡ ಆಗ್ತಾವ, ಆದ್ರ ವರ್ಷಗಟ್ಟಲೆ ಒಣಗಿದ ಪದರದ ಮ್ಯಾಲೆ ಹೊಸಾದಕ್ಕ ಸಿಗೂದು ಉಜ್ಜಿದ ಗೀರಿನ ಹಿಡಿತ ಅಷ್ಟ.

ಹಂಗಾಗಿ ಬಿರುಕಿನ ಮ್ಯಾಲೆ ಸೀದಾ ಅಂಟಿಸಬ್ಯಾಡ್ರಿ. ಮೊದಲ ಅಸಿಟೋನ್ ಹಚ್ಚಿ ಮೇಣ, ಗ್ರೀಸ್ ಒರಸ್ರಿ (ಉಜ್ಜೂಕಿಂತ ಮೊದಲನ ಒರಸಬೇಕು, ಇಲ್ಲಂದ್ರ ಮೇಣ ಗೀರಿನೊಳಗ ಕೂತಬಿಡ್ತದ), ಆಮ್ಯಾಲೆ ಗ್ರೈಂಡರಿಗೆ 40 ಇಲ್ಲಾ 60 ನಂಬರಿನ ಸ್ಯಾಂಡಿಂಗ್ ಡಿಸ್ಕ್ ಹಾಕಿ ಬಿರುಕಿನ ಎರಡೂ ಕಡೆ ಇಳಿಜಾರ ಆಗೂ ಹಂಗ ತಿಕ್ರಿ. ದಪ್ಪದ 12 ಪಟ್ಟು ಅಗಲ ಅಂತ ಲೆಕ್ಕ, ಅಂದ್ರ 5 ಮಿಲಿಮೀಟರ್ ದಪ್ಪ ಇದ್ರ ಒಂದೊಂದ ಕಡೆ 60 ಮಿಲಿಮೀಟರ್. ಭಾಳ ಆತು ಅನಸ್ತದ, ಆದ್ರ ಬೀಳೂ ಜೋರ ಅಷ್ಟೂ ಜಾಗಕ್ಕ ಹಂಚಿ ಹೋಗ್ತದ, ಅಂಚು ಏಳೂದಿಲ್ಲ. ಮಾಸ್ಕ್, ಕನ್ನಡಕ ಹಾಕ್ಕೊಳ್ರಿ, ಆ ಧೂಳ ಪುಪ್ಪುಸಕ್ಕ ಕೆಟ್ಟದ್ದು.

ನನ್ನ ಕೇಳಿದ್ರ ರಿಪೇರಿಗೆ ಪಾಲಿಯೆಸ್ಟರಕಿಂತ ಎಪಾಕ್ಸಿ ಅನ್ನೂ ಇನ್ನೊಂದ ನಮೂನಿ ರೆಸಿನ್ನ ಛಲೋ, ತುಟ್ಟಿ ಖರೆ, ಹಳೇ ಪದರಕ್ಕ ಗಟ್ಟಿ ಹಿಡೀತದ. ಆದ್ರ ಅದರ ಜೊತಿ ನೇಯ್ದ ಗ್ಲಾಸ್ ಬಟ್ಟಿನ ತಗೋರಿ, ಯಾಕಂದ್ರ ಸಾದಾ ಮ್ಯಾಟಿನ (ತುಂಡ ತುಂಡ ಗ್ಲಾಸ್ ಎಳಿ ಅಂಟಿಸಿ ಮಾಡಿದ ಹಾಳಿ) ಎಳಿ ಹಿಡದಿರೂ ಅಂಟು ಪಾಲಿಯೆಸ್ಟರಿನೊಳಗ ಕರಗ್ತದ, ಎಪಾಕ್ಸಿಯೊಳಗ ಕರಗೂದಿಲ್ಲ.

ಇನ್ನ ತೇವ. ಧಾರವಾಡದ ಜುಲೈ ಜಿಟಿಜಿಟಿ ಮಳ್ಯಾಗ ಈ ಕೆಲಸಕ್ಕ ಕೈ ಹಾಕಬ್ಯಾಡ್ರಿ, ಫೈಬರಿನೊಳಗ ನೀರಿನ ಅಂಶ ಇದ್ರ ಏನ್ ಹಚ್ಚಿದ್ರೂ ನಿಲ್ಲೂದಿಲ್ಲ. ಏಪ್ರಿಲ್ ಬಿಸಲಾಗ ಮಾಡೂದಿದ್ರ ಮುಂಜಾನೆದ್ದು ರೆಸಿನ್ ಸ್ವಲ್ಪ ಸ್ವಲ್ಪನ ಕಲಸ್ರಿ, ಜಾಸ್ತಿ ಕಲಸಿದ್ರ ಹಚ್ಚೂದ್ರೊಳಗ ಡಬ್ಬಿಯಾಗನ ಕಲ್ಲಾಗ್ತದ.