ವಿಂಡೋಸ್ 7 ಇರುವ ಹಳೆ ಕಂಪ್ಯೂಟರ್‌ನಲ್ಲಿ ಹೊಸ ಗೇಮ್ ಯಾಕೆ ಓಡಲ್ಲ? ರ‍್ಯಾಮ್ ಹಾಕಿಸಿದರೆ ಸರಿಹೋಗುತ್ತಾ?

ಬರೀ ರ‍್ಯಾಮ್ ಹಾಕಿಸಿದರೆ ಸಾಲದು, ತೊಂದರೆ ವಿಂಡೋಸ್‌ನದ್ದು. ಗೇಮ್ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಚಿತ್ರ ಬಿಡಿಸು, ಶಬ್ದ ಹೊರಡಿಸು, ಫೈಲ್ ತೆರೆ ಅಂತ ಪ್ರತಿ ಕ್ಷಣವೂ ವಿಂಡೋಸ್‌ಗೆ ಹೇಳುತ್ತಾ ಇರುತ್ತದೆ, ಅದೂ ಒಂದೊಂದು ಕೆಲಸವನ್ನು ಹೆಸರು ಹಿಡಿದು. ವಿಂಡೋಸ್ 7 ಬಂದಿದ್ದು 2009ರಲ್ಲಿ ಅಲ್ವಾ, ಹೊಸ ಗೇಮ್ ಹೇಳುವ ಕೆಲವು ಹೆಸರುಗಳು ಅದರಲ್ಲಿ ಇಲ್ಲವೇ ಇಲ್ಲ. ಗ್ರಾಫಿಕ್ಸ್ ಕಾರ್ಡ್‌ಗೆ ಕೆಲಸ ಹೇಳುವ ಡೈರೆಕ್ಟ್‌ಎಕ್ಸ್ 12 ಬಂದಿದ್ದೇ 2015ರಲ್ಲಿ, ವಿಂಡೋಸ್ 10ರ ಜೊತೆ.

ಶಿರಸಿಯಲ್ಲಿ ನನ್ನ ತಮ್ಮ ಮಳೆಗಾಲದ ನೆಟ್‌ನಲ್ಲಿ ಮೂರು ರಾತ್ರಿ ಕೂತು ಒಂದು ಗೇಮ್ ಇಳಿಸಿಕೊಂಡ. ಕ್ಲಿಕ್ ಮಾಡಿದ ಕೂಡಲೇ ‘ಎಂಟ್ರಿ ಪಾಯಿಂಟ್ ನಾಟ್ ಫೌಂಡ್’ ಅಂತ ಪುಟ್ಟ ಕಿಟಕಿ, ಅದರೊಳಗೆ ಒಂದು ಡಿಎಲ್‌ಎಲ್ ಫೈಲ್‌ನ, ಅಂದರೆ ಗೇಮ್ ಕೇಳುವ ಕೆಲಸಗಳನ್ನು ಇಟ್ಟುಕೊಂಡಿರುವ ಫೈಲ್‌ನ, ಹೆಸರು. ಕೇಳಿದ ಕೆಲಸ ಆ ಫೈಲ್‌ನಲ್ಲಿ ಇಲ್ಲ ಅಂತ ಅದರ ಅರ್ಥ. ದಯವಿಟ್ಟು ಎಲ್ಲಿಂದಲೋ ಅದೇ ಹೆಸರಿನ ಫೈಲ್ ತಂದು ಹಾಕಬೇಡಿ, ಅದು ಇನ್ನೊಂದು ಫೈಲ್ ಕೇಳುತ್ತದೆ, ವೈರಸ್ ಬರುವ ಭಯ ಬೇರೆ.

ಗೇಮ್ ಕೊಂಡು ಇಳಿಸಿಕೊಳ್ಳುವ ಆನ್‌ಲೈನ್ ಅಂಗಡಿ ಸ್ಟೀಮ್ ಕೂಡ 2024ರ ಜನವರಿ 1ರಿಂದ ವಿಂಡೋಸ್ 7 ಮತ್ತು 8ಕ್ಕೆ ಬೆಂಬಲ ನಿಲ್ಲಿಸಿದೆ. ಇಳಿಸಿಕೊಳ್ಳುವ ಮೊದಲು ಗೇಮ್‌ನ ಪುಟದಲ್ಲಿ ಯಾವ ವಿಂಡೋಸ್ ಬೇಕು ಅಂತ ನೋಡಿ. ವಿಂಡೋಸ್ ಬದಲಿಸಿದ ಮೇಲೂ ಗ್ರಾಫಿಕ್ಸ್ ಕಾರ್ಡ್ ತೀರಾ ಹಳೆಯದಾಗಿದ್ದರೆ ಕಷ್ಟವೇ.