2019–20ರಲ್ಲಿ ಲೀಡ್ಸ್ ಯುನೈಟೆಡ್‌ಗೆ ಬಡ್ತಿ ಸಿಕ್ಕಿದ್ದು ಕೋವಿಡ್ ವಿರಾಮದಿಂದಲೇ?

ನಿಮ್ಮ ಪ್ರಶ್ನೆ ಇದು: 2018–19ರಲ್ಲಿ ದಡದ ಹತ್ತಿರ ಬಂದು ಮುಗ್ಗರಿಸಿದ ಲೀಡ್ಸ್, ಮರುವರ್ಷ ಹೆಚ್ಚುಕಡಿಮೆ ಅದೇ ಆಟಗಾರರನ್ನು ಇಟ್ಟುಕೊಂಡು ಚಾಂಪಿಯನ್‌ಶಿಪ್ ಗೆದ್ದದ್ದು ಹೇಗೆ? ಮಾರ್ಚ್‌ನಲ್ಲಿ ಲೀಗ್ ನಿಲ್ಲದೇ ಇದ್ದಿದ್ದರೆ ಆ ಸಲವೂ ಸುಸ್ತಾಗಿ ಕುಸಿಯುತ್ತಿತ್ತಲ್ಲವೇ?

ಇಲ್ಲ. ವಿರಾಮದಿಂದ ಒಂದಿಷ್ಟು ಅನುಕೂಲವಾಯಿತು, ಅದನ್ನು ಮುಂದೆ ಹೇಳುತ್ತೇನೆ. ಆದರೆ ತಂಡ ತನ್ನ ದಾರಿಗೆ ಮರಳಿದ್ದು ಲೀಗ್ ನಿಲ್ಲುವುದಕ್ಕೆ ಮೊದಲೇ, ಫೆಬ್ರವರಿ 15ರಿಂದ ಮಾರ್ಚ್ 7ರೊಳಗೆ ಆಡಿದ ಐದು ಪಂದ್ಯಗಳಲ್ಲಿ. ಮರಳಿಸಿದ್ದು ಗೋಲು ಹೊಡೆಯುವ ಶಕ್ತಿಗಿಂತ ಹೆಚ್ಚಾಗಿ ಗೋಲು ಬಿಡದಿರುವ ಶಕ್ತಿ. ಆಗಿನ ಕೋಚ್ ಮಾರ್ಸೆಲೊ ಬಿಯೆಲ್ಸಾ ಎಂದರೆ ದಾಳಿಯ ಆಟ ಎಂದು ಎಲ್ಲರೂ ಬರೆಯುವುದರಿಂದ ಈ ಸಂಗತಿ ಮರೆಯಾಗಿಬಿಡುತ್ತದೆ.

ಲೀಗಿನ ನಿಯಮ ಗೊತ್ತಿಲ್ಲದವರಿಗೆ ಎರಡು ಮಾತು. ಚಾಂಪಿಯನ್‌ಶಿಪ್ ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗ್. 24 ತಂಡ, ಒಂದೊಂದಕ್ಕೆ 46 ಪಂದ್ಯ. ಮೊದಲ ಎರಡು ಸ್ಥಾನದವರು ನೇರವಾಗಿ ಪ್ರೀಮಿಯರ್ ಲೀಗಿಗೆ ಹೋಗುತ್ತಾರೆ. ಆಗ ಮೂರರಿಂದ ಆರನೇ ಸ್ಥಾನದವರು ಪ್ಲೇಆಫ್ ಆಡಿ, ಅವರಲ್ಲಿ ಒಬ್ಬರು ಮೇಲೇರುತ್ತಿದ್ದರು. ಲೀಡ್ಸ್ 2004ರಲ್ಲಿ ಪ್ರೀಮಿಯರ್ ಲೀಗಿನಿಂದ ಕೆಳಗಿಳಿದಿತ್ತು. ನಡುವೆ 2007ರಿಂದ 2010ರವರೆಗೆ ಮೂರನೇ ದರ್ಜೆಯಲ್ಲೂ ಆಡಿತ್ತು.

ಈಗ ಬಿಯೆಲ್ಸಾ ಅವರ ಎರಡು ಸೀಸನ್‌ಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2018–19ರಲ್ಲಿ 83 ಪಾಯಿಂಟ್, ಹೊಡೆದ ಗೋಲು 73, ಬಿಟ್ಟುಕೊಟ್ಟದ್ದು 50, ಮೂರನೇ ಸ್ಥಾನ. 2019–20ರಲ್ಲಿ 93 ಪಾಯಿಂಟ್, ಹೊಡೆದದ್ದು 77, ಬಿಟ್ಟುಕೊಟ್ಟದ್ದು 35, ಮೊದಲ ಸ್ಥಾನ. ಹೊಡೆದ ಗೋಲುಗಳು ಹೆಚ್ಚಿದ್ದು ಬರೀ ನಾಲ್ಕು. ಬಿಟ್ಟುಕೊಟ್ಟದ್ದು ಕಡಿಮೆಯಾದದ್ದು ಹದಿನೈದು. ಆ ವರ್ಷ ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದ ತಂಡ ಲೀಡ್ಸ್ ಅಲ್ಲ, 80 ಗೋಲಿನ ಬ್ರೆಂಟ್‌ಫರ್ಡ್. ಅತಿ ಕಡಿಮೆ ಬಿಟ್ಟುಕೊಟ್ಟ ತಂಡ ಮಾತ್ರ ಲೀಡ್ಸ್.

"ಅದೇ ಆಟಗಾರರು" ಎನ್ನುವುದು ಪೂರ್ತಿ ಸರಿಯಲ್ಲ. 2019ರ ಬೇಸಿಗೆಯಲ್ಲಿ ಕ್ಲಬ್ ಮಾರಿದ್ದೇ ಹೆಚ್ಚು. ಸೆಂಟರ್‌ಬ್ಯಾಕ್ (ಹಿಂದೆ ನಡುವೆ ಆಡುವ ಡಿಫೆಂಡರ್) ಪೊಂಟಸ್ ಯಾನ್ಸನ್ ಬ್ರೆಂಟ್‌ಫರ್ಡ್‌ಗೆ, ಸ್ಟ್ರೈಕರ್ ಕೆಮಾರ್ ರೂಫ್ ಬೆಲ್ಜಿಯಂನ ಆಂಡರ್‌ಲೆಕ್ಟ್‌ಗೆ, ಗೋಲ್‌ಕೀಪರ್ ಬೇಲಿ ಪೀಕಾಕ್-ಫ್ಯಾರೆಲ್ ಬರ್ನ್ಲಿಗೆ ಹೋದರು. ಬಂದವರಲ್ಲಿ ಬಹುಪಾಲು ಲೋನ್ ಮೇಲೆ, ಅಂದರೆ ಬೇರೆ ಕ್ಲಬ್‌ನಿಂದ ಎರವಲಾಗಿ: ಬ್ರೈಟನ್‌ನಿಂದ ಬೆನ್ ವೈಟ್, ವೂಲ್ವ್ಸ್‌ನಿಂದ ಎಲ್ಡರ್ ಕೋಸ್ಟಾ, ಆರ್ಸೆನಲ್‌ನಿಂದ ಎಡ್ಡಿ ಎನ್‌ಕೆಟಿಯಾ, ಲೋರಿಯಾಂನಿಂದ ಗೋಲ್‌ಕೀಪರ್ ಇಲಾನ್ ಮೆಲಿಯೆ; ಮ್ಯಾಂಚೆಸ್ಟರ್ ಸಿಟಿಯ ಜ್ಯಾಕ್ ಹ್ಯಾರಿಸನ್ ಎರಡನೇ ವರ್ಷಕ್ಕೂ ಉಳಿದರು. ಆಗ ಈ ದರ್ಜೆಯ ಕ್ಲಬ್‌ಗಳು ಮೂರು ವರ್ಷದಲ್ಲಿ ಒಟ್ಟು 3.9 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸುವಂತಿರಲಿಲ್ಲ. ಬೇಕಾದವರನ್ನೆಲ್ಲ ಹಣ ಕೊಟ್ಟು ಕೊಳ್ಳುವುದು ಆಗದ ಮಾತಾಗಿತ್ತು.

ಇವರೆಲ್ಲರಲ್ಲಿ ನನ್ನ ಮಟ್ಟಿಗೆ ಬೆನ್ ವೈಟ್ ಅವರೇ ಆ ಸೀಸನ್ನಿನ ಅತಿ ದೊಡ್ಡ ಗಳಿಕೆ. ಅಲ್ಲಿಯವರೆಗೆ ಚಾಂಪಿಯನ್‌ಶಿಪ್‌ನಲ್ಲಿ ಒಂದು ಪಂದ್ಯವನ್ನೂ ಆಡದಿದ್ದ 21ರ ಹುಡುಗ, 46 ಪಂದ್ಯಗಳಲ್ಲೂ ಆಡಿದರು. ಅವರು ಯಾಕೆ ಅಷ್ಟು ಮುಖ್ಯರಾದರು ಎಂಬುದು ಬಿಯೆಲ್ಸಾ ಪದ್ಧತಿಯನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ.

ಚೆಂಡು ಎದುರಾಳಿಯ ಬಳಿ ಇದ್ದಾಗ ಲೀಡ್ಸ್ ಆಡುತ್ತಿದ್ದದ್ದು ಆಳಿಗೊಬ್ಬ ಆಳು ಎಂಬ ಲೆಕ್ಕದಲ್ಲಿ. ಹೆಚ್ಚಿನ ತಂಡಗಳು ಜಾಗವನ್ನು ಕಾಯುತ್ತವೆ. ಇಲ್ಲಿ ಪ್ರತಿಯೊಬ್ಬನೂ ತನ್ನ ಪಾಲಿನ ಎದುರಾಳಿಯನ್ನು ಮೈದಾನದುದ್ದಕ್ಕೂ ಹಿಂಬಾಲಿಸಬೇಕು. ಹಿಂದುಗಡೆ ಮಾತ್ರ ಎದುರಾಳಿ ಸ್ಟ್ರೈಕರ್‌ಗಳಿಗಿಂತ ಒಬ್ಬ ಡಿಫೆಂಡರ್ ಹೆಚ್ಚಿಗೆ ಇರಬೇಕು. ಎದುರಾಳಿಗೆ ಒಬ್ಬನೇ ಸ್ಟ್ರೈಕರ್ ಇದ್ದರೆ ಇಬ್ಬರು ಸೆಂಟರ್‌ಬ್ಯಾಕ್, ಅಂದರೆ 4-1-4-1 (ಹಿಂದಿನಿಂದ ಮುಂದಕ್ಕೆ ಒಂದೊಂದು ಸಾಲಿನಲ್ಲಿ ನಿಲ್ಲುವ ಆಟಗಾರರ ಸಂಖ್ಯೆ). ಇಬ್ಬರಿದ್ದರೆ ಮೂವರು, ಅಂದರೆ 3-3-1-3. ಪಂದ್ಯದ ನಡುವೆ ಎದುರಾಳಿ ತನ್ನ ವ್ಯೂಹ ಬದಲಿಸಿದರೆ ಲೀಡ್ಸ್ ಕೂಡ ಆ ಕ್ಷಣವೇ ಬದಲಾಗಬೇಕು. ಹೊಸಬರನ್ನು ಇಳಿಸದೆ ಈ ಬದಲಾವಣೆ ಸಾಧ್ಯವಾಗುತ್ತಿದ್ದದ್ದು ಕ್ಯಾಲ್ವಿನ್ ಫಿಲಿಪ್ಸ್ ಅವರಿಂದ. ಡಿಫೆನ್ಸ್‌ನ ಮುಂದೆ ಆಡುವ ಮಿಡ್‌ಫೀಲ್ಡರ್ ಅವರು, ಬೇಕೆಂದಾಗ ಹಿಂದೆ ಸರಿದು ಮೂರನೇ ಸೆಂಟರ್‌ಬ್ಯಾಕ್ ಆಗುತ್ತಿದ್ದರು.

ಈ ಪದ್ಧತಿ ಕೆಡುವುದೂ ಒಂದೇ ರೀತಿಯಲ್ಲಿ. ಯಾರಾದರೊಬ್ಬ ತನ್ನ ಎದುರಾಳಿಯನ್ನು ಕಳೆದುಕೊಂಡರೆ, ಹಿಂದೆ ಹೆಚ್ಚುವರಿಯಾಗಿ ನಿಂತವನು ಅವನನ್ನು ತಡೆಯಲು ಮುಂದೆ ಬರಬೇಕು. ಆಗ ಹಿಂದೆ ಸಮಕ್ಕೆ ಸಮ. ಮತ್ತೊಬ್ಬ ತಪ್ಪಿದರೆ ಬಾಗಿಲೇ ತೆರೆದಂತೆ. ಆದ್ದರಿಂದ ಆ ಹೆಚ್ಚುವರಿ ಡಿಫೆಂಡರ್‌ಗೆ ಓಟವೂ ಬೇಕು, ಚೆಂಡು ಎಲ್ಲಿಗೆ ಬರುತ್ತದೆಂದು ಮುಂಚೆಯೇ ಊಹಿಸುವ ಬುದ್ಧಿಯೂ ಬೇಕು. ಯಾನ್ಸನ್ ಎತ್ತರದ, ಗಟ್ಟಿಮುಟ್ಟಾದ ಡಿಫೆಂಡರ್. ಹೆಡರ್‌ಗಳಲ್ಲಿ ಅವರನ್ನು ಮೀರಿಸುವುದು ಕಷ್ಟ. ವೈಟ್ ಯಾನ್ಸನ್ ಅವರಷ್ಟು ಬಲಶಾಲಿಯಲ್ಲ, ಆದರೆ ಪಾಸ್ ಎದುರಾಳಿಯ ಕಾಲಿಗೆ ತಲುಪುವ ಮುಂಚೆಯೇ ನಡುವೆ ನುಗ್ಗಿ ಚೆಂಡು ಕಸಿದು, ತಾವೇ ಅದನ್ನು ಮುಂದಕ್ಕೆ ಒಯ್ಯುತ್ತಿದ್ದರು. ಅವರ ಜೊತೆಗೆ ನಾಯಕ ಲಿಯಾಮ್ ಕೂಪರ್, ಬಲಗಡೆ ಲೂಕ್ ಏಲಿಂಗ್, ಎಡಗಡೆ ಸ್ಟುವರ್ಟ್ ಡಲ್ಲಾಸ್ ಇಲ್ಲವೇ ಎಜ್ಗ್ಯಾನ್ ಅಲಿಯೊಸ್ಕಿ.

ಇಂಥ ಆಟಕ್ಕೆ ಬೇಕಾದ ದಮ್ಮು ಬಂದದ್ದು "ಮರ್ಡರ್‌ಬಾಲ್" ಎಂದು ಆಟಗಾರರು ಕರೆಯುತ್ತಿದ್ದ ಅಭ್ಯಾಸದಿಂದ. ಸಾಮಾನ್ಯವಾಗಿ ಬುಧವಾರ ನಡೆಯುತ್ತಿತ್ತು. ಹನ್ನೊಂದು ಮಂದಿಗೆ ಹನ್ನೊಂದು ಮಂದಿ. ಫೌಲ್ ಇಲ್ಲ, ಥ್ರೋ ಇಲ್ಲ, ಕಾರ್ನರ್ ಇಲ್ಲ. ಚೆಂಡು ಗೆರೆ ದಾಟಿದರೆ ಅಂಚಿನಲ್ಲಿ ನಿಂತ ಕೋಚ್‌ಗಳು ತಕ್ಷಣ ಇನ್ನೊಂದನ್ನು ಒಳಗೆ ಎಸೆಯುತ್ತಿದ್ದರು. ನಿಂತು ಉಸಿರೆಳೆದುಕೊಳ್ಳಲು ಬಿಡುವೇ ಇಲ್ಲ. ನಿಜವಾದ ಪಂದ್ಯದಲ್ಲಿ ಚೆಂಡು ಎಷ್ಟೋ ಹೊತ್ತು ಆಟದಿಂದ ಹೊರಗಿರುತ್ತದೆ; ಹಾಗಾಗಿ ಇದನ್ನು ರೂಢಿಸಿಕೊಂಡವರಿಗೆ ಶನಿವಾರದ ಪಂದ್ಯ ಹಗುರವಾಗಿ ಕಾಣುತ್ತದೆ.

ಇನ್ನು ಕುಸಿತದ ವಿಷಯ. ಸೀಸನ್ನನ್ನು ಮೂರು ತುಂಡು ಮಾಡಿ ನೋಡಿದರೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಮೊದಲ 21 ಪಂದ್ಯಗಳಲ್ಲಿ 46 ಪಾಯಿಂಟ್, ಬಿಟ್ಟ ಗೋಲು ಕೇವಲ 10. ನವೆಂಬರ್ ಆರಂಭದಿಂದ ಡಿಸೆಂಬರ್ 10ರವರೆಗೆ ಸತತ ಏಳು ಗೆಲುವು. ಮುಂದಿನ 11 ಪಂದ್ಯಗಳಲ್ಲಿ ಎರಡೇ ಗೆಲುವು, 10 ಪಾಯಿಂಟ್, ಬಿಟ್ಟ ಗೋಲು 20. ಕೊನೆಯ 14 ಪಂದ್ಯಗಳಲ್ಲಿ 42ಕ್ಕೆ 37 ಪಾಯಿಂಟ್, ಬಿಟ್ಟ ಗೋಲು 5.

ನಡುವಿನ ಆ 11 ಪಂದ್ಯಗಳು ಶುರುವಾದದ್ದು ಡಿಸೆಂಬರ್ 14ರಂದು, ತವರು ಮೈದಾನ ಎಲ್ಲಂಡ್ ರೋಡ್‌ನಲ್ಲಿ ಕಾರ್ಡಿಫ್ ಎದುರು. 3-0 ಮುಂದಿದ್ದು 3-3ರಲ್ಲಿ ಮುಗಿಸಿದರು. ಡಿಸೆಂಬರ್ 29ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ 5-4. ಗೆದ್ದರೂ ನಾಲ್ಕು ಗೋಲು ತಿಂದರು, ಗೆಲುವಿನ ಗೋಲು ಹೆಚ್ಚುವರಿ ಸಮಯದಲ್ಲಿ ಎದುರಾಳಿಯೇ ತಮ್ಮ ಬಲೆಗೆ ಹಾಕಿಕೊಂಡದ್ದು. ಜನವರಿ 11ರಂದು ಶೆಫೀಲ್ಡ್ ವೆಡ್ನೆಸ್‌ಡೇ ಎದುರು ಮನೆಯಂಗಳದಲ್ಲೇ ಕೊನೆಯ ನಿಮಿಷಗಳಲ್ಲಿ ಎರಡು ಗೋಲು ಬಿಟ್ಟು ಸೋಲು. ಜನವರಿ 18ರಂದು ಕ್ವೀನ್ಸ್ ಪಾರ್ಕ್ ರೇಂಜರ್ಸ್ ಎದುರು 1-0 ಸೋಲು. ಸ್ಟ್ರೈಕರ್ ಪ್ಯಾಟ್ರಿಕ್ ಬ್ಯಾಮ್‌ಫರ್ಡ್ ಪೆನಾಲ್ಟಿಯನ್ನು ಗೋಲಾಗಿಸಲಿಲ್ಲ, ಫಿಲಿಪ್ಸ್ ರೆಡ್ ಕಾರ್ಡ್ ಪಡೆದರು.

ಅವತ್ತಿನ ನಿಜವಾದ ಪೆಟ್ಟು ಆ ಕಾರ್ಡು. ಮೂರು ಪಂದ್ಯಗಳ ನಿಷೇಧ. ಅವರ ಜಾಗಕ್ಕೆ ವೈಟ್ ಅವರನ್ನು ಮುಂದೆ ಸರಿಸಿದಾಗ ಒಂದು ಕಡೆಯ ತೂತು ಮುಚ್ಚಲು ಹೋಗಿ ಇನ್ನೊಂದು ಕಡೆ ತೂತಾಯಿತು. ಮಿಲ್‌ವಾಲ್ ಎದುರು 0-2 ಹಿಂದಿದ್ದು 3-2ರಿಂದ ಗೆದ್ದರೂ, ವಿಗನ್ ಎದುರು ಕಾರ್ನರ್‌ನಿಂದ ಬಂದ ಚೆಂಡನ್ನು ಲೀಡ್ಸ್‌ನ ಮಿಡ್‌ಫೀಲ್ಡರ್ ಪಾಬ್ಲೊ ಹೆರ್ನಾಂಡೆಸ್ ತಮ್ಮದೇ ಗೋಲಿಗೆ ಹಾಕಿ 0-1, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಲ್ಲಿ 0-2. ಇದೇ ಹೊತ್ತಿಗೆ ಆರ್ಸೆನಲ್ ಎನ್‌ಕೆಟಿಯಾ ಅವರನ್ನು ವಾಪಸ್ ಕರೆಸಿಕೊಂಡಿತ್ತು. ಬದಲಿಗೆ ಬಂದ ಜಾನ್-ಕೆವಿನ್ ಒಗುಸ್ಟಾಂ ಆಡಿದ್ದು ಮೂರೇ ಪಂದ್ಯ.

ಈ ಸೋಲುಗಳನ್ನು "ಸುಸ್ತು" ಎಂಬ ಒಂದೇ ಪದದಲ್ಲಿ ಕಟ್ಟಿಹಾಕುವುದನ್ನು ನಾನು ಒಪ್ಪುವುದಿಲ್ಲ. ಸುಸ್ತಾದ ತಂಡ ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟು ಹಿಂದೆ ಸರಿಯುತ್ತದೆ. ಲೀಡ್ಸ್ ಈ ಪಂದ್ಯಗಳಲ್ಲೂ ಬಹುಪಾಲು ಚೆಂಡು ತಾನೇ ಇಟ್ಟುಕೊಂಡು ಅವಕಾಶ ಸೃಷ್ಟಿಸುತ್ತಲೇ ಇತ್ತು. ಸೋತದ್ದು ಮೂರು ಕಡೆ: ಸೆಟ್‌ಪೀಸ್‌ಗಳಲ್ಲಿ (ಕಾರ್ನರ್, ಫ್ರೀಕಿಕ್‌ನಂಥ ನಿಂತ ಚೆಂಡಿನ ಹೊಡೆತಗಳಲ್ಲಿ), ಗೋಲ್‌ಕೀಪರ್ ಕಿಕೊ ಕಸಿಯಾ ಅವರ ತಪ್ಪುಗಳಲ್ಲಿ, ಮತ್ತು ಎದುರಿನ ಗೋಲಿನ ಮುಂದೆ ಕೈಚೆಲ್ಲಿದ ಅವಕಾಶಗಳಲ್ಲಿ. ಬ್ಯಾಮ್‌ಫರ್ಡ್ ಅವರನ್ನು ಕೂರಿಸಿ, ಪದ್ಧತಿ ಸಡಿಲಿಸಿ ಎಂಬ ಕೂಗು ಜೋರಾಗಿತ್ತು. ಬಿಯೆಲ್ಸಾ ಎರಡನ್ನೂ ಮಾಡಲಿಲ್ಲ. ಎದುರಾಳಿಯ ಡಿಫೆಂಡರ್‌ಗಳ ಮೇಲೆ ಮೊದಲ ಒತ್ತಡ ಹಾಕುವುದು ಬ್ಯಾಮ್‌ಫರ್ಡ್ ಅವರ ಕೆಲಸ. ಅದು ನಿಂತರೆ ಹಿಂದಿನ ಆಳಿಗಾಳು ಲೆಕ್ಕವೇ ತಪ್ಪುತ್ತದೆ. ಸೀಸನ್ ಮುಗಿದಾಗ ಲೀಗಿನಲ್ಲಿ 16 ಗೋಲು ಹೊಡೆದು ತಂಡದ ಮೊದಲಿಗರಾಗಿದ್ದವರೂ ಅವರೇ.

ಫೆಬ್ರವರಿ 11ರಂದು ಬ್ರೆಂಟ್‌ಫರ್ಡ್‌ನಲ್ಲಿ ಫಿಲಿಪ್ಸ್ ಮರಳಿದರು. ಕಸಿಯಾ ಕಾಲಡಿಯಿಂದ ಚೆಂಡು ಜಾರಿ ಒಂದು ಗೋಲು ಹೋಯಿತು, ಕೂಪರ್ ಕಾರ್ನರ್‌ನಲ್ಲಿ ಸಮ ಮಾಡಿದರು, 1-1. ಅಲ್ಲಿಂದ ಬ್ರಿಸ್ಟಲ್ ಸಿಟಿ 1-0, ರೀಡಿಂಗ್ 1-0, ಮಿಡಲ್ಸ್‌ಬ್ರೊ 1-0, ಹಲ್ 4-0, ಹಡರ್ಸ್‌ಫೀಲ್ಡ್ 2-0. ಮೂರು ವಾರ, ಐದು ಗೆಲುವು, ಬಿಟ್ಟ ಗೋಲು ಸೊನ್ನೆ. ನಡುವೆ ಫೆಬ್ರವರಿ 28ರಂದು ಜನಾಂಗೀಯ ನಿಂದನೆಯ ಪ್ರಕರಣದಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಕಸಿಯಾ ಅವರಿಗೆ ಎಂಟು ಪಂದ್ಯಗಳ ನಿಷೇಧ ಹೇರಿತು. ಮರುದಿನವೇ ಹಲ್‌ನಲ್ಲಿ 19 ವರ್ಷದ ಮೆಲಿಯೆ ಗೋಲಿನಲ್ಲಿ ನಿಂತರು. ಆ ಸೀಸನ್‌ನಲ್ಲಿ ಅವರು ಆಡಿದ 10 ಲೀಗ್ ಪಂದ್ಯಗಳಲ್ಲಿ ಬಿಟ್ಟದ್ದು ನಾಲ್ಕೇ ಗೋಲು.

ಮಾರ್ಚ್ 13ರಂದು ಲೀಗ್ ನಿಂತಾಗ 37 ಪಂದ್ಯ ಮುಗಿದಿದ್ದವು. ಲೀಡ್ಸ್ 71, ವೆಸ್ಟ್ ಬ್ರಾಮ್ 70, ಮೂರನೇ ಸ್ಥಾನದ ಫುಲಮ್ 64. ಕೆಳಗಿನ ಎರಡು ಲೀಗ್‌ಗಳಲ್ಲಿ ಮಾಡಿದಂತೆ ಪಂದ್ಯಕ್ಕೆ ಸರಾಸರಿ ಪಾಯಿಂಟ್ ಲೆಕ್ಕ ಹಾಕಿ ಅಲ್ಲಿಗೇ ಮುಗಿಸಿದ್ದರೂ ಮೊದಲ ಸ್ಥಾನ ಲೀಡ್ಸ್‌ನದೇ.

ವಿರಾಮದಿಂದ ಆದ ಅನುಕೂಲ ಎರಡು. ಪುನರಾರಂಭದ ನಂತರ ಐದು ಬದಲಿ ಆಟಗಾರರಿಗೆ ಅವಕಾಶ ಸಿಕ್ಕಿತು; 35ರ ಹೆರ್ನಾಂಡೆಸ್ ಅವರನ್ನು ದ್ವಿತೀಯಾರ್ಧಕ್ಕೆಂದು ಉಳಿಸಿಕೊಳ್ಳಲು ಇದು ಅನುಕೂಲವಾಯಿತು. ಇನ್ನೊಂದು, ಖಾಲಿ ಗ್ಯಾಲರಿ. ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ಹತ್ತೇ ಮಂದಿ ಉಳಿದಿದ್ದ ವಿಗನ್ ಎದುರು 1-2, ಮೇನಲ್ಲಿ ಪ್ಲೇಆಫ್‌ನಲ್ಲಿ ಡರ್ಬಿ ಎದುರು 2-4, ಎರಡೂ ಎಲ್ಲಂಡ್ ರೋಡ್‌ನಲ್ಲೇ ಸೋತದ್ದು. ಅಲ್ಲಿನ ಆತಂಕ ಆಟಗಾರರ ಕಾಲಿಗೂ ಇಳಿಯುತ್ತಿತ್ತು. ಆದರೆ ಇವೆರಡೂ ಎಲ್ಲ 24 ತಂಡಗಳಿಗೂ ಸಿಕ್ಕವು. ಉಳಿದ ಒಂಬತ್ತು ಪಂದ್ಯಗಳಲ್ಲಿ ಲೀಡ್ಸ್ 22 ಪಾಯಿಂಟ್ ಗಳಿಸಿತು, ಬ್ರೆಂಟ್‌ಫರ್ಡ್ 21, ಫುಲಮ್ 17, ವೆಸ್ಟ್ ಬ್ರಾಮ್ 13.

ಆ ಒಂಬತ್ತೂ ಸಲೀಸಾಗಿರಲಿಲ್ಲ. ಜೂನ್ 21ರಂದು ಕಾರ್ಡಿಫ್‌ನಲ್ಲಿ 0-2 ಸೋಲಿನಿಂದಲೇ ಶುರು. ಜುಲೈ 12ರಂದು ಸ್ವಾನ್‌ಸೀಯಲ್ಲಿ 89ನೇ ನಿಮಿಷದವರೆಗೂ ಗೋಲಿಲ್ಲ. ಏಲಿಂಗ್ ಬಲಗಡೆಯಿಂದ ಓಡಿಬಂದು ಕೊಟ್ಟ ಚೆಂಡನ್ನು ಹೆರ್ನಾಂಡೆಸ್ ಕಂಬಕ್ಕೆ ತಾಗಿಸಿ ಒಳಗೆ ಹಾಕಿದರು. ಜುಲೈ 16ರಂದು ಬಾರ್ನ್ಸ್‌ಲಿ ಎದುರು ಎದುರಾಳಿಯ ಸ್ವಂತ ಗೋಲಿನಿಂದ 1-0. ಮರುದಿನ ಹಡರ್ಸ್‌ಫೀಲ್ಡ್‌ನಲ್ಲಿ ವೆಸ್ಟ್ ಬ್ರಾಮ್ 2-1ರಿಂದ ಸೋತಾಗ ಬಡ್ತಿ ಖಚಿತವಾಯಿತು. ಜುಲೈ 18ರಂದು ಸ್ಟೋಕ್‌ನಲ್ಲಿ ಬ್ರೆಂಟ್‌ಫರ್ಡ್ ಸೋತಾಗ ಪ್ರಶಸ್ತಿಯೂ ಖಚಿತ.

ಪೂರ್ತಿ ಪಂದ್ಯಗಳನ್ನು ನೋಡುವ ಅವಕಾಶ ಸಿಕ್ಕರೆ ಸ್ಟೋಕ್ ಎದುರಿನ 5-0ರಿಂದ ಶುರು ಮಾಡಬೇಡಿ, ಅದು ಕಣ್ಣಿಗೆ ಹಬ್ಬ ಅಷ್ಟೇ. ಜೂನ್ 27ರ ಫುಲಮ್ ಪಂದ್ಯ ನೋಡಿ. ಮೊದಲಾರ್ಧದಲ್ಲಿ ಬ್ಯಾಮ್‌ಫರ್ಡ್ ಗೋಲಿನಿಂದ 1-0 ಮುಂದಿದ್ದರೂ ಫುಲಮ್ ಮೇಲುಗೈಯಲ್ಲಿದೆ. ಮಧ್ಯಂತರಕ್ಕೆ ಹೆರ್ನಾಂಡೆಸ್, ಅಲಿಯೊಸ್ಕಿ ಇಳಿಯುತ್ತಾರೆ; ನಂತರ ಅಲಿಯೊಸ್ಕಿ, ಹ್ಯಾರಿಸನ್ ಗೋಲುಗಳಿಂದ 3-0. ನೋಡುವಾಗ ಚೆಂಡನ್ನು ಬಿಟ್ಟು ಫಿಲಿಪ್ಸ್ ಎಲ್ಲಿ ನಿಂತಿದ್ದಾರೆ ಎಂಬುದನ್ನಷ್ಟೇ ಹಿಂಬಾಲಿಸಿ. ಅವರು ಹಿಂದೆ ಸರಿದರೆ ವೈಟ್ ಯಾರ ಕಡೆ ಹೋಗುತ್ತಾರೆ, ಏಲಿಂಗ್ ಎಷ್ಟು ಮುಂದೆ ಏರುತ್ತಾರೆ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಅವರಿಲ್ಲದ ಜನವರಿ 28ರ ಮಿಲ್‌ವಾಲ್ ಪಂದ್ಯದ ಮೊದಲಾರ್ಧ ಹಾಕಿ ನೋಡಿ. 11 ಪಂದ್ಯಗಳಲ್ಲಿ 20 ಗೋಲು ಯಾಕೆ ಹೋದವು ಎಂಬುದಕ್ಕೆ ಒಂದು ಮುಖ್ಯ ಕಾರಣ ಅಲ್ಲೇ ಕಾಣುತ್ತದೆ.